ರಾಣಿ ಬರೆದ ಮೇಜು

"ಬಾಗಿಲು ಹಾಕೇ," ಎಂದರು ವೆಂಕಟರಾಮಯ್ಯ. "ಫೈಲು ಹಿಡಿದವನೊಬ್ಬ ನಮ್ಮ ಬೀದಿಗೇ ತಿರುಗಿದ."

ಹೆಂಡತಿ ಪಂಕಜಮ್ಮ ಬಾಗಿಲು ಹಾಕಲಿಲ್ಲ. ಎಮರ್ಜೆನ್ಸಿ ಕಾಲ, ಸರ್ಕಾರದವರ ಮುಖಕ್ಕೆ ಬಾಗಿಲು ಹಾಕಿದರೆ ಮುರಿದುಕೊಂಡೇ ಬರುತ್ತಾರೆ ಎಂದಳು. ಮಾತು ಸರಿ ಎನಿಸಿತು. ವೆಂಕಟರಾಮಯ್ಯ ಅವಸರದಲ್ಲಿ ನಡುಮನೆಯ ಮೇಜಿಗೆ ಜಮಖಾನ ಹೊದಿಸಿದರು. ಈಗ ಅದು ಕದ್ದು ತಂದು ಬಚ್ಚಿಟ್ಟ ಎಮ್ಮೆಯ ಹಾಗೆ ಕಂಡಿತು.

ಮಂಡ್ಯದಲ್ಲಿ ಆ ಮೇಜನ್ನು ಅರಿಯದವರಿರಲಿಲ್ಲ. ಅರಿಯದೆ ಇರಲು ವೆಂಕಟರಾಮಯ್ಯ ಯಾರನ್ನೂ ಬಿಟ್ಟಿರಲಿಲ್ಲ. ಅವರ ತಂದೆ ಮೈಸೂರಿನ ಯಾವುದೋ ದೊರೆಯ ಬಂಗಲೆಯ ಹರಾಜಿನಲ್ಲಿ ಹಿಡಿದದ್ದು. ಹಳೆಯ ಫ್ರೆಂಚ್ ಬರವಣಿಗೆ ಮೇಜು. ಹಲಗೆಯ ತುಂಬ ಹೂಬಳ್ಳಿ, ಹಕ್ಕಿ. ಬಣ್ಣ ಬಳಿದದ್ದಲ್ಲ, ಬಗೆಬಗೆಯ ಮರವನ್ನು ಎಲೆಯಷ್ಟು ತೆಳ್ಳಗೆ ಸೀಳಿ, ನಡುವೆ ಕೂದಲೂ ತೂರದ ಹಾಗೆ ಕೂಡಿಸಿದ ಕೆಲಸ. ಫ್ರಾನ್ಸಿನ ರಾಣಿ ಅದರ ಮುಂದೆ ಕೂತು ಓಲೆ ಬರೆಯುತ್ತಿದ್ದಳೆಂದು ವೆಂಕಟರಾಮಯ್ಯ ಹೇಳುತ್ತಿದ್ದರು. ರಾಣಿಯ ಹೆಸರು ಹೇಳಿದಾಗಲೆಲ್ಲ ಬದಲಾಗುತ್ತಿತ್ತು. ಶಿರಸ್ತೇದಾರರಾಗಿ ನಿವೃತ್ತರಾದ ಅವರು ಮಾತ್ರ ಅದರ ಮೇಲೆ ಒಂದು ಕಾರ್ಡನ್ನೂ ಬರೆದವರಲ್ಲ.

ಪಂಕಜಮ್ಮ ಒಮ್ಮೆ ಆ ಮೇಜು ಕೇಳಿದ್ದಳು. ನಲವತ್ತರ ಹತ್ತಿರ ಬಂದ ಮೇಲೆ ಅವಳು ಸಂಜೆ ಶಾಲೆಗೆ ಸೇರಿದ್ದಳು. ಗದ್ದೆಯಿಂದ, ಆಲೆಮನೆಯಿಂದ ಎದ್ದು ಬರುವ ಗಂಡಸರ ನಡುವೆ ಅವಳೊಬ್ಬಳೇ ಹೆಂಗಸು. ಎಸ್ಸೆಸ್ಸೆಲ್ಸಿ ಆದರೆ ಮಹಿಳಾ ಸಮಾಜದ ಶಿಶುವಿಹಾರದಲ್ಲಿ ಕೆಲಸ ಕಾದಿತ್ತು. ಕಳೆದ ಸಲ ಲೆಕ್ಕದಲ್ಲಿ ಹೋಗಿತ್ತು. ಇನ್ನೊಮ್ಮೆ ಹೋದರೆ ಕೆಲಸ ಬೇರೆಯವರ ಪಾಲು. ಅಡಿಗೆಮನೆಯಲ್ಲಿ ಹಿಟ್ಟಿನ ಡಬ್ಬದ ಮೇಲೆ ಕಲಿತ ರೇಖಾಗಣಿತ ಡಬ್ಬದ ಮುಚ್ಚಳದಂತೆಯೇ ಡೊಂಕಾಗಿತ್ತು.

"ರಾಣಿ ಓಲೆ ಬರೆದ ಜಾಗದಲ್ಲಿ ನೀನು ತ್ರಿಕೋನ ಬರೀತೀಯೇನೇ?" ಎಂದಿದ್ದರು ಗಂಡ. "ನಿನ್ನ ತಲೆಗೆ ಡಬ್ಬವೇ ಸರಿ."

ಅವಳು ಮತ್ತೆ ಕೇಳಲಿಲ್ಲ.

ಹಿಂದಿನ ಭಾನುವಾರ ತಮ್ಮ ಕನ್ನಡಕ ಎಲ್ಲೋ ಕಾಣೆಯಾಗಿ, ವೆಂಕಟರಾಮಯ್ಯ ಪತ್ರಿಕೆಯನ್ನು ಅವಳ ಕೈಯಲ್ಲಿ ಓದಿಸಿದ್ದರು. ತುಂಬ ಹಳೆಯ ವಿದೇಶಿ ಮೇಜು ಕುರ್ಚಿಗಳನ್ನು ಸರ್ಕಾರ ಹೊತ್ತೊಯ್ಯಲಿದೆ, ಬಚ್ಚಿಟ್ಟವರಿಗೆ ಜೈಲು ಎಂಬ ಸುದ್ದಿ ಅದರಲ್ಲಿತ್ತು. ನಂಬಲಾರದೆ ಇನ್ನೊಮ್ಮೆ ಓದಿಸಿದರು. ಎರಡನೆಯ ಸಲ ಜೈಲಿನ ಅವಧಿ ಸ್ವಲ್ಪ ಜಾಸ್ತಿಯೇ ಇದ್ದಂತೆ ಕೇಳಿಸಿತು.

ಈಗ ಫೈಲು ಹಿಡಿದವನು ಬಾಗಿಲಲ್ಲೇ ನಿಂತಿದ್ದ. ಗಂಜಿ ಹಾಕಿದ ಷರಟು. ಪ್ಯಾಂಟು ಕಣಕಾಲಿಗಿಂತ ಮೇಲೆಯೇ ನಿಂತಿತ್ತು.

"ಇಲ್ಲೊಂದು ಅಳೇ ಮೇಜು ಐತಂತೆ," ಎಂದ.

ಅಳೇ! ವೆಂಕಟರಾಮಯ್ಯ ಒಳಗೊಳಗೇ ಮೂಗು ಮುರಿದರು. ಬಂಡೂರಿನ ಕುರಿಹಟ್ಟಿಯಿಂದ ಎದ್ದು ಬಂದವರೆಲ್ಲ ಈಗ ಆಫೀಸರು. ಹಕಾರ ಬಾರದವನಿಗೂ ಅಧಿಕಾರ ಬರುವ ಕಾಲ. ಬಾಯಲ್ಲಿ ಮಾತ್ರ, "ಬರಬೇಕು ಸಾರ್, ಬರಬೇಕು," ಎಂದರು.

ಪಂಕಜಮ್ಮ ಬೆಲ್ಲದ ಕಾಫಿ ತಂದಿಟ್ಟಳು. ಸಾಹೇಬರಿಗೆ ಬೆಲ್ಲದ ಕಾಫಿಯೇ ಎಂದು ಗಂಡ ಕಣ್ಣು ಬಿಟ್ಟರು. ಸಾಹೇಬ ಲೋಟದ ತಳ ಕಾಣುವವರೆಗೆ ಕುಡಿದ. ಆಮೇಲೆ ಜಮಖಾನ ತೆಗೆಸಿದ. ಸಾಕ್ಷಿಗೆಂದು ಪಕ್ಕದ ಮನೆಯ ಶ್ಯಾಮಣ್ಣನನ್ನು ಕರೆಸಿದ. ರಾಣಿಯರ ಕಥೆ ಕೇಳಿ ಕೇಳಿ ಕಿವಿ ತೂತು ಬಿದ್ದಿದ್ದ ಶ್ಯಾಮಣ್ಣ ಊಟದ ಎಲೆ ಬಿಟ್ಟು ಓಡಿಬಂದ.

"ಇದು ಫ್ರೆಂಚ್ ಮೇಜು ಅಂತ ಊರೆಲ್ಲ ಏಳ್ತಾ ಐತೆ," ಎಂದ ಆಫೀಸರು.

ವೆಂಕಟರಾಮಯ್ಯ ಬೆವರೊರೆಸಿಕೊಂಡರು. ಕಚೇರಿಯಲ್ಲಿ ಪಳಗಿದ ಬುದ್ಧಿ ಸಮಯಕ್ಕೆ ಕೈಹಿಡಿಯಿತು.

"ಫ್ರೆಂಚ್ ಅಂದ್ರೆ ಫ್ರೆಂಚ್ ರಾಕ್ಸ್ ಸಾರ್. ಇಲ್ಲೇ ನಮ್ಮ ಪಾಂಡವಪುರಕ್ಕೆ ಹಿಂದೆ ಅದೇ ಹೆಸರಲ್ಲವೇ? ಅಲ್ಲಿಯ ಬಡಗಿ ಬೋರಯ್ಯ ಮಾಡಿದ್ದು. ಹಲಸಿನ ಮರ."

ಶ್ಯಾಮಣ್ಣ ಗಂಭೀರವಾಗಿ ಕೇಳಿದ: "ಹಾಗಾದ್ರೆ ರಾಣಿಯೂ ಪಾಂಡವಪುರದವಳೇ ಅನ್ನಿ ರಾಯರೇ."

ವೆಂಕಟರಾಮಯ್ಯ ಹೌದೆಂದು ತಲೆಯಾಡಿಸಿದರು. ಫ್ರಾನ್ಸ್ ದೇಶ ಒಂದೇ ಮಾತಿಗೆ ಕೈಬಿಟ್ಟು ಹೋಗಿತ್ತು. ಹೋಗಲಿ, ಮೇಜು ಉಳಿದರೆ ಸಾಕು.

ಆದರೆ ಆಫೀಸರು ಬಿಡಲಿಲ್ಲ. ಮನೆಬಳಕೆಯ ಮೇಜಾದರೆ ಒಂದು ಮಸಿ ಕಲೆಯೂ ಏಕಿಲ್ಲ ಎಂದು ಕೇಳಿದ. ಬಳಸದೆ ಒರೆಸಿಟ್ಟದ್ದೆಲ್ಲ ಕಾನೂನಿನ ಪ್ರಕಾರ ಪುರಾತನ ವಸ್ತುವಂತೆ. ಗಾಡಿ ತರಿಸಬೇಕಾಗುತ್ತದಂತೆ.

"ಬಳಸ್ತೀವಿ ಸಾರ್," ಎಂದರು ವೆಂಕಟರಾಮಯ್ಯ. "ನಮ್ಮ ಮನೆಯವಳು ಇದರ ಮೇಲೇ ಓದಿ ಬರೆಯೋದು. ದಿನಾ."

"ದಿಟವೇನಮ್ಮ?"

"ಅವರ ಬಾಯಲ್ಲಿ ಬಂತಲ್ಲ," ಎಂದಳು ಪಂಕಜಮ್ಮ. "ಇನ್ನು ನಾನು ಮೀರೋ ಹಾಗಿಲ್ಲ."

ಯಾವಾಗ ಬೇಕಾದರೂ ಬಂದು ನೋಡುವುದಾಗಿ ಹೇಳಿ ಆಫೀಸರು ಹೊರಟುಹೋದ.

ಆ ಸಂಜೆಯೇ ಪುಸ್ತಕಗಳು ನಡುಮನೆಗೆ ಬಂದವು. ಹಿಟ್ಟಿನ ಡಬ್ಬ ಸರಿಸಿದಾಗ ಅದರ ಹಿಂದೆ ಕನ್ನಡಕ ಸಿಕ್ಕಿತು. ಇಲಿಯ ಕೆಲಸವೆಂದು ವೆಂಕಟರಾಮಯ್ಯ ತೀರ್ಮಾನಿಸಿದರು. ಪಂಕಜಮ್ಮ ಹಕ್ಕಿಗಳ ನಡುವೆ ಕೂತು ಪ್ರಮೇಯ ಬರೆದಳು. ಬೇಸತ್ತು ಎದ್ದರೆ ಗಂಡನೇ ಗದರಿಸಿ ಕೂರಿಸುತ್ತಿದ್ದರು, ಅವನು ಬಂದುಬಿಟ್ಟರೆ ಏನು ಗತಿ ಎಂದು. ಒಂದು ದಿನ ತಾವೇ ಹೂಬಳ್ಳಿಯ ಮೇಲೆ ಒಂದು ಹನಿ ಮಸಿ ಬೀಳಿಸಿ, ಒಳಗೆ ಹೋಗಿ ಕಣ್ಣೊರೆಸಿಕೊಂಡರು.

ಪರೀಕ್ಷೆ ಮದ್ದೂರಿನಲ್ಲಿ. ಬಸ್ಸಿನಲ್ಲಿ ಅವಳ ಜೊತೆಗೆ ತಾವೂ ಹೋದರು. ಮೇಜಿನ ಬಳಕೆಗೆ ಅದೂ ಒಂದು ಪುರಾವೆ. ಶಾಲೆಯ ಗೇಟಿನಲ್ಲಿ ಅದೇ ಆಫೀಸರು ನಿಂತಿದ್ದ. ಅದೇ ಗಿಡ್ಡ ಪ್ಯಾಂಟು. ಪರೀಕ್ಷೆಯ ತನಿಖೆಯನ್ನೂ ಇವನ ತಲೆಗೇ ಕಟ್ಟಿದ್ದಾರಲ್ಲ, ಮಕ್ಕಳ ಗತಿಯೇನು ಎಂದುಕೊಳ್ಳುತ್ತ ವೆಂಕಟರಾಮಯ್ಯ ಬಗ್ಗಿ ಕೈಮುಗಿದರು. ಅವನು ಅವರ ಕಡೆ ನೋಡಲೇ ಇಲ್ಲ. ನೇರ ಪಂಕಜಮ್ಮನ ಬಳಿ ಬಂದ.

"ಅಕ್ಕ, ನಿಮ್ಮ ಇಂದ್ಗಡೆ ನಂಬ್ರು ನಂದೇ ಕಣಕ್ಕ. ಮೇಜು ಕೊಡ್ಸಿದ್ದಕ್ಕಾದ್ರೂ ಲೆಕ್ಕದ ಪೇಪರ್‌ನ ಒಸಿ ಈ ಕಡೆಗೆ ತಿರುಗಿಸ್ಕೊಂಡು ಬರೀರಿ."