ಹನಾನ್ಯನ ಆಮೆನ್

ಏಕಮೇವನಾದ ಲೋಕೇಶ್ವರನ ನಾಮವು ಸ್ತುತ್ಯವಾಗಲಿ.

ಮೊರೊಕ್ಕೊದ ಒಂದು ಗುಡ್ಡದಲ್ಲಿ, ಯೆಹೂದಿ ಗುರುಗಳಾದ ರಬ್ಬಿ ಅಜ್ರಿಯರ ಪುಣ್ಯತಿಥಿಯಂದು, ಅವರ ಸಮಾಧಿಯ ಬಳಿ ಮಖ್ಲೂಫನು ಖರ್ಜೂರವನ್ನೆತ್ತಿ, ದೇವಸ್ತುತಿಯನ್ನು ಗಟ್ಟಿಯಾಗಿ ಹೇಳಿ ಕಚ್ಚಿದನು. ಪಕ್ಕದಲ್ಲಿದ್ದ ತಮ್ಮ ಹನಾನ್ಯನ ತುಟಿ ಬಿಗಿಯಿತು. ಹನ್ನೊಂದು ವರ್ಷಗಳಿಂದ ಅವನಿಗೆ ಅಣ್ಣನೊಡನೆ ಮಾತಿಲ್ಲ. ಆದರೆ ಕಿವಿಗೆ ಬಿದ್ದ ಸ್ತುತಿಗೆ ‘ಆಮೆನ್’ ಎನ್ನಲೇಬೇಕು. ಯಾರ ಸ್ತುತಿಯನ್ನೂ ಅನಾಥವಾಗಿ ಬಿಡಬೇಡಿರೆಂಬುದೇ ಆ ಗುರುಗಳ ಕಡೆಯ ನುಡಿ.

“ಏನೋ ಹನಾನ್ಯ, ಖರ್ಜೂರ ತಿಂದಿದ್ದು ಅವನು, ಗಂಟಲಿಗೆ ಸಿಕ್ಕಿದ್ದು ನಿಂಗಾ?” ಎಂದಳು ಸೋದರತ್ತೆ ಫ್ರೇಹಾ.

“ಆಮೆನ್” ಎಂದನು ಹನಾನ್ಯ, ಸಮಾಧಿಯತ್ತ ನೋಡುತ್ತಲೇ.

ಮಖ್ಲೂಫನು ತಟ್ಟೆಯನ್ನು ತಮ್ಮನತ್ತ ಸರಿಸಿದನು. “ತಗೊಳ್ಳೋ. ಈಗ ನೀನು ಸ್ತುತಿ ಹೇಳು, ಆಮೆನ್ ಅನ್ನೋಕೆ ನಾನಿದೀನಿ.”

ಇದನ್ನು ಕೇಳಿದವರೆಲ್ಲರ ಸ್ತುತಿಗೂ ಓಗೊಡುವವರು ದೊರೆಯಲಿ.