ಬಿಲ್ಲಿನೊಳಗಿನ ಬಿಲ್ಲು

ಒಂದೇ ಬಿಲ್ಲಿನಲ್ಲಿ ಎರಡು ಬ್ಯಾಂಕ್ ಖಾತೆ. ಪ್ರಫುಲ್ಲಾ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಪರದೆಯ ಮೇಲೆ ಕಾಣುವ ಹಾಳೆಯಲ್ಲಿ ಒಂದು ನಂಬರು. ಅದೇ ಹಾಳೆಯೊಳಗೆ, ಕಂಪ್ಯೂಟರ್ ಓದಲೆಂದು ಸೇರಿಸಿದ ಫೈಲಿನಲ್ಲಿ ಇನ್ನೊಂದು.

ಜರ್ಮನಿಯ ಒಂದು ಕಾರ್ಖಾನೆಗೆ ಬರುವ ಬಿಲ್ಲುಗಳನ್ನು ಹನ್ನೊಂದು ವರ್ಷದಿಂದ ಇಲ್ಲಿನ ರಬಾಳೆಯ ಹೊರಗುತ್ತಿಗೆ ಕಚೇರಿಯಲ್ಲಿ ಕುಳಿತು ಪಾಸು ಮಾಡುತ್ತಿದ್ದವಳು ಅವಳು. ಆ ದೇಶದಲ್ಲಿ ಬಿಲ್ಲು ಕಂಪ್ಯೂಟರ್ ಓದುವಂತಿರಬೇಕೆಂಬ ಇ-ಇನ್‌ವಾಯ್ಸ್ ನಿಯಮ ಬಂದ ಮೇಲೆ ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು ಎಂಬುದೇ ಗೋಜಲಾಗಿತ್ತು. ಇದು ಕಾರ್ಮಿಕರ ಬಟ್ಟೆ ಒಗೆದುಕೊಡುವ ಸಣ್ಣ ಲಾಂಡ್ರಿಯೊಂದರ ಬಿಲ್ಲು. ನಾಲ್ಕು ಗಂಟೆಗೆ ಹಣ ಹೋಗುವುದಿತ್ತು.

ಟೀಮ್ ಲೀಡರ್ ಸಮಿತ್ ಬಂದು ನೋಡಿದ. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವನು, ಅವನ ಕನ್ನಡದಲ್ಲಿ ಹಿಂದಿ ಬೆರೆತಿರುತ್ತಿತ್ತು.

"ಒಳಗಿನ ಫೈಲೇ ಅಸಲಿ ಬಿಲ್, ಅಕ್ಕ. ಹೊರಗಿಂದು ಬರೀ ನಮ್ಗೆ ನೋಡ್ಲಿಕ್ಕೆ. ಫರಕ್ ಇದ್ರೆ ಒಳಗಿಂದೇ ಮಾನ್ಯ. ರೂಲ್ ಹೈ."

"ಹಾಗಾದ್ರೆ ಕಳಿಸಿದವರ ಮನಸ್ಸಲ್ಲಿದ್ದದ್ದು ಯಾವುದು ಮಾರಾಯ?"

ಸಮಿತ್ ಗಡಿಯಾರ ನೋಡಿದ. ಸಿಸ್ಟಮ್ ಹಸಿರು ಗುರುತು ಹಾಕಿಯಾಗಿದೆ, ತಡೆದರೆ ನಿಮ್ಮ ಹೆಸರಲ್ಲಿ ಕಾರಣ ಬರೆಯಬೇಕು, ಹೀಗೆ ತಡೆದದ್ದಕ್ಕೇ ನಮ್ಮ ಟೀಮಿನಲ್ಲಿದ್ದ ಶ್ರೀಮತಿ ಎಂಬವಳನ್ನು ಬೇರೆ ವಿಭಾಗಕ್ಕೆ ಹಾಕಿದ್ದು ಎಂದು ಎಚ್ಚರಿಸಿ ಹೋದ.

ಪ್ರಫುಲ್ಲಾ ಲಾಂಡ್ರಿಯ ಹಳೆಯ ಬಿಲ್ಲುಗಳನ್ನು ತೆಗೆದು ನೋಡಿದಳು. ಕಳೆದ ಮೂರು ತಿಂಗಳ ಹಣವೂ ಒಳಗಿನ ನಂಬರಿಗೇ ಹೋಗಿತ್ತು. ತಪ್ಪೆಂದು ಹೇಳಲು ಅವಳ ಬಳಿ ಆಧಾರವಿಲ್ಲ, ಸರಿಯೆಂದು ಬಿಡಲು ಮನಸ್ಸು ಒಪ್ಪದು. ಮೂರೂವರೆಗೆ, ಯಾರನ್ನೂ ಕೇಳದೆ, ಲಾಂಡ್ರಿಗೆ ಫೋನ್ ಹಚ್ಚಿದಳು.

ಎತ್ತಿಕೊಂಡದ್ದು ಒಡತಿಯೇ. ಎರಡು ಖಾತೆಯ ಮಾತು ಕೇಳಿ, ತಡವರಿಸುವ ಇಂಗ್ಲಿಷಿನಲ್ಲಿ, ತಾನು ಕಳಿಸಿದ್ದು ಒಂದೇ ಬಿಲ್ಲು ಎಂದಳು. ಪ್ರಫುಲ್ಲಾ ಒಳಗಿನ ನಂಬರನ್ನು ಓದಿದಾಗ ಆಕೆ ಇನ್ನೊಮ್ಮೆ ಓದಿಸಿಕೊಂಡಳು. ಅದು ಆಕೆಯನ್ನು ಬಿಟ್ಟುಹೋದ ಗಂಡನ ಖಾತೆ. ಬಿಲ್ಲು ಮಾಡುವ ಸಾಫ್ಟ್‌ವೇರನ್ನು ಹಾಕಿಕೊಟ್ಟವನು ಅವನೇ. ಮೂರು ತಿಂಗಳಿಂದ ಹಣ ಬಾರದಿದ್ದಾಗ, ಬಟ್ಟೆ ಸರಿಯಾಗಿ ಒಗೆದಿಲ್ಲವೆಂದು ಕಾರ್ಖಾನೆಯವರಿಗೆ ಸಿಟ್ಟು ಬಂದಿರಬೇಕೆಂದು ಆಕೆ ಸುಮ್ಮನಿದ್ದಳಂತೆ.

ಪ್ರಫುಲ್ಲಾ 'ತಡೆ' ಒತ್ತಿ, ಕಾರಣದ ಕೆಳಗೆ ತನ್ನ ಹೆಸರು ಬರೆದಳು. ನಿಯಮಕ್ಕೆ ಮಾನ್ಯವಾದದ್ದನ್ನು ತಡೆದದ್ದು ಸರಿಯೋ ತಪ್ಪೋ, ಆಗಲೂ ಅವಳಿಗೆ ತಿಳಿಯಲಿಲ್ಲ.

ಇನ್ನೇನು ಫೋನ್ ಇಡಬೇಕು, ಆ ಹೆಂಗಸು ತಗ್ಗಿದ ದನಿಯಲ್ಲಿ ಕೇಳಿದಳು: "ಆ ಒಳಗಿನ ಬಿಲ್ಲು ನನಗೆ ಕಾಣುವುದೇ ಇಲ್ಲ. ಅದರಲ್ಲಿ ನಾನು ಇನ್ನೂ ಏನೇನು ಬರೆದಿದ್ದೇನೆ, ಸ್ವಲ್ಪ ಓದಿ ಹೇಳುತ್ತೀರಾ?"