ದನಿಯ ಬೀಗ

ಅಮ್ಮನ ದನಿಯನ್ನು ಬಿಟ್ಟುಕೊಟ್ಟರೆ ಅಕ್ಕ ಮತ್ತೆ ಈ ಕಡೆ ಬಂದಾಳೇ ಎಂಬ ಅಳುಕನ್ನು ನಿರ್ಮಿತಾ ಯಾರಿಗೂ ಹೇಳಿರಲಿಲ್ಲ. ಸತ್ತವರ ದನಿ, ಮುಖಗಳನ್ನು ಕಾಪಿಡುವ ಊರಿನ ನೆನಪಿನ ಕೋಶದಲ್ಲಿ ದನಿಗೊಂದು ಬೀಗ, ಮುಖಕ್ಕೊಂದು ಬೀಗ. ಒಬ್ಬರು ಹಿಡಿದದ್ದು ಅವರು ಬಿಡುವತನಕ ಇನ್ನೊಬ್ಬರಿಗಿಲ್ಲ. ಎರಡೂ ಒಂದೇ ಕೈ ಸೇರಿದರೆ ಮಾತ್ರ ಸತ್ತವರು ಎದುರು ಕೂತು ಮಾತಾಡುತ್ತಾರೆ. ಅಮ್ಮನ ದನಿ ನಿರ್ಮಿತಾಳ ಹತ್ತಿರ, ಮುಖ ಅಕ್ಕ ಸುಜಯಾಳ ಹತ್ತಿರ. ಪ್ರತಿ ತಿಥಿಗೂ ಇಬ್ಬರೂ ಬಂದು ಒಂದೇ ಬೆಂಚಿನಲ್ಲಿ, ಇನ್ನೊಬ್ಬಳು ಬಿಡಲೆಂದು ಕಾಯುತ್ತಿದ್ದರು.

“ನೀನು ಮೊದಲು ಬಿಡೇ, ಮೊಂಡಿ.”

“ನೀನೇ ಬಿಡಕ್ಕ.”

“ಈ ಸಲ ಯಾರಾದ್ರೂ ಒಬ್ರು ಬಿಡದಿದ್ರೆ ಸಂಜೆ ಎರಡನ್ನೂ ಅಳಿಸ್ತೀವಿ ಕಣ್ರಮ್ಮ,” ಎಂದು ಕಾವಲುಗಾರ ಬೆಂಚು ಒರೆಸುತ್ತಲೇ ಹೇಳಿದ.

ನಿರ್ಮಿತಾ ತನ್ನ ಬೀಗ ತೆರೆದಳು.

“ತಗೋ, ಅಮ್ಮನ್ನ ನೀನೇ ಮಾತಾಡ್ಸು. ಇದನ್ನ ಕೊಟ್ರೆ ನೀನು ಬರೋದೇ ನಿಲ್ಲಿಸ್ತೀಯ ಅಂತ ಹೆದರಿಕೊಂಡಿದ್ದೆ, ಅಕ್ಕ.”